ಟ್ರಯಲ್ ರೂಮಿನಲ್ಲಿ ಹಾಡಿದ ದೈತ್ಯ

ಅಂಗಡಿಯ ಮೇಲಿನ ಮನೆ,
ಮಾರ್ಚ್ 9, ಸೋಮವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಆಸ್ಪತ್ರೆಯಲ್ಲಿ ದಿನವಿಡೀ ನಿಂತು ಪಾದ ಊದಿಕೊಳ್ಳುತ್ತದೆ ಅಂದಿದ್ದೆ, ಈಗ ಕಡಿಮೆಯಾಯಿತೇ? ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂರಬೇಕಂತೆ. ಇದು ಅಮ್ಮನ ಅಪ್ಪಣೆ, ನನ್ನದಲ್ಲ. ಇಲ್ಲಿ ಮೂವರೂ ಚೆನ್ನಾಗಿದ್ದೇವೆ. ಫೋನಿರುವಾಗ ಇವಳಿಗೇಕೆ ಕಾಗದದ ಹುಚ್ಚು ಅನ್ನಬೇಡ. ಅಮ್ಮ ನಿನ್ನೊಡನೆ ಫೋನಿನಲ್ಲಿ ಮಾತಾಡುವಾಗ ಅಪ್ಪ ಪಕ್ಕದಲ್ಲೇ ಕಿವಿಗೊಟ್ಟು ಕೂತಿರುತ್ತಾರೆ. ಅವರ ವಿಷಯ ಅವರೆದುರಿಗೇ ಹೇಳುವುದು ಹೇಗೆ?

ನಾನು ಆಟವೊಂದಕ್ಕೆ ಹಾಡು ಕಟ್ಟುತ್ತಿದ್ದುದು ನಿನಗೆ ಗೊತ್ತಲ್ಲ. ದೈತ್ಯರು, ಮಾಟಗಾತಿಯರು ಇರುವ ಹಳೆಯ ಕಂಪ್ಯೂಟರ್ ಆಟ. ಅದನ್ನು ಆಡಿ ಬೆಳೆದ ಹತ್ತು ಹನ್ನೆರಡು ಜನ ಸೇರಿ ಅದಕ್ಕೊಂದು ಹೊಸ ದ್ವೀಪ ಜೋಡಿಸಿದ್ದೇವೆ. ಇಂಥದ್ದಕ್ಕೆ ಮಾಡ್ ಅನ್ನುತ್ತಾರೆ. ಏಳು ಹಾಡುಗಳಲ್ಲಿ ಆರು ಬೇಗ ಮುಗಿದವು. ಉಳಿದದ್ದು ಸೇತುವೆ ಕಾಯುವ ಮುದಿ ದೈತ್ಯನದು. ನನ್ನ ದನಿಯನ್ನು ಎಷ್ಟು ತಗ್ಗಿಸಿದರೂ ದೈತ್ಯನಿಗೆ ನೆಗಡಿಯಾದ ಹಾಗೆ ಕೇಳುತ್ತಿತ್ತು.

ಹೋದ ತಿಂಗಳು ಒಂದು ಸಂಜೆ ಚಹಾ ಕೊಡಲು ಕೆಳಗೆ ಹೊಲಿಗೆ ಅಂಗಡಿಗೆ ಇಳಿದೆ. ಅಪ್ಪ ಕೋಟಿನ ತೋಳಿಗೆ ಇಸ್ತ್ರಿ ಹಾಕುತ್ತ ಆ ಹಾಡನ್ನೇ ಹಾಡಿಕೊಳ್ಳುತ್ತಿದ್ದರು. ಮಹಡಿಯಿಂದ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಗಿರಾಕಿಯ ಎದುರು ಒಂದು ಅಳತೆ ಹೇಳಲು ತೊದಲಿ ತೊದಲಿ, ಕೊನೆಗೆ ಚೀಟಿಯಲ್ಲಿ ಬರೆದು ತೋರಿಸುವ ನಮ್ಮ ಅಪ್ಪ, ಅಕ್ಕಾ, ಒಂದಕ್ಷರವೂ ತಡವರಿಸದೆ ಹಾಡುತ್ತಿದ್ದರು. ‘ದೈತ್ಯ ನೀವೇ ಆಗ್ಬೇಕು’ ಅಂದೆ. ಇಸ್ತ್ರಿಪೆಟ್ಟಿಗೆ ನೋಡುತ್ತ ನಕ್ಕರು. ಬೇಡ ಅನ್ನಲಿಲ್ಲ.

ಟ್ರಯಲ್ ರೂಮಿನ ಸುತ್ತ ಉಣ್ಣೆ ಬಟ್ಟೆ ತೂಗುಹಾಕಿ ಹೊರಗಿನ ಸದ್ದು ಸುಳಿಯದಂತೆ ಮಾಡಿದೆ. ಹಾಡಿನ ರೆಕಾರ್ಡಿಂಗ್ ಎರಡೇ ಸಲಕ್ಕೆ ಮುಗಿಯಿತು. ಆದರೆ ಕೊನೆಗೆ ದೈತ್ಯ ಒಂದು ಮಾತಾಡಬೇಕು: ‘ದಾರಿ ಬಿಟ್ಟಿದ್ದೇನೆ, ಹೋಗಿ ಬಾ.’ ಆ ‘ದಾ’ ಹೊರಡಲೇ ಇಲ್ಲ. ಹಣೆ ಬೆವರಿತು. ಬೇರೆಯವರ ಕೈಲಿ ಹೇಳಿಸೋಣ ಅಂದರೆ, ‘ಬೇಡ, ನಾ… ನಾನೇ’ ಅಂದರು. ಹೇಳಿದರು ಕೂಡ, ಒಂದು ‘ದಾ’ ನಾಲ್ಕಾಗಿ.

ಆಮೇಲೆ ನಾನೊಂದು ಅತಿಜಾಣತನ ಮಾಡಿದೆ. ಕಂಪ್ಯೂಟರಿನಲ್ಲಿ ಮೂರು ‘ದಾ’ ತೆಗೆದು, ಮಾತನ್ನು ನೀಟಾಗಿ ಜೋಡಿಸಿ ಅಪ್ಪನಿಗೆ ಕೇಳಿಸಿದೆ. ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಹೆಡ್‌ಫೋನ್ ಮೆಲ್ಲಗೆ ತೆಗೆದಿಟ್ಟು, ‘ನೀನೂ ಕ… ಕತ್ತರಿ ಹಾಕಿದ್ಯಾ?’ ಅಂದರು. ಅಷ್ಟೇ. ಆವತ್ತು ಊಟಕ್ಕೆ ನಮ್ಮ ಜೊತೆ ಕೂರಲಿಲ್ಲ. ಚಿಕ್ಕಂದಿನಿಂದ ಅವರ ಮಾತನ್ನು ನಾವೇ ಮುಗಿಸಿಕೊಡುತ್ತಿದ್ದೆವಲ್ಲ, ನೀನು, ನಾನು, ಅಮ್ಮ. ಅದನ್ನು ದೊಡ್ಡ ಉಪಕಾರ ಅಂದುಕೊಂಡಿದ್ದೆವು. ಅವರು ಇಷ್ಟು ವರ್ಷ ಸುಮ್ಮನೆ ಸಹಿಸಿದ್ದರು.

ಮರುದಿನ ನಾಲ್ಕು ‘ದಾ’ಗಳನ್ನೂ ಇದ್ದಲ್ಲೇ ಇಟ್ಟು ತಂಡಕ್ಕೆ ಕಳಿಸಿದೆ. ದ್ವೀಪ ಮೊನ್ನೆ ಶುಕ್ರವಾರ ಬಿಡುಗಡೆಯಾಯಿತು. ಎಲ್ಲಿಯವಳೋ ಒಬ್ಬ ಆಟಗಾರ್ತಿ ಬರೆದಿದ್ದಾಳೆ: ‘ಹೊಡೆಯೋಕೆ ಅಂತಲೇ ಹೋಗಿದ್ದೆ. ಈ ದೈತ್ಯ ಮಾತಾಡಿದ ಮೇಲೆ ಕತ್ತಿ ಒಳಗಿಟ್ಟೆ.’ ಅಪ್ಪನಿಗೆ ಓದಿ ಹೇಳಿದೆ. ‘ಇ… ಇನ್ನೊಂದ್ಸಲ ಓದು’ ಅಂದರು. ಓದಿದೆ. ಸೂಜಿಗೆ ದಾರ ಪೋಣಿಸಿಕೊಂಡು ಗುಂಡಿ ಹೊಲಿಯಲು ಕೂತರು.

ಅಮ್ಮನ ಆಶೀರ್ವಾದ ನಿನಗೆ ತಲುಪಲಿ, ಬೈಗುಳವೂ ಅದರ ಹಿಂದೆಯೇ ಬರುತ್ತದೆ. ಹೊತ್ತಿಗೆ ಸರಿಯಾಗಿ ಉಣ್ಣು. ಕಾಲು ಜೋಪಾನ.

ನಿನ್ನ ತಂಗಿ,
ಗುಬ್ಬಿ

ತಾ.ಕ.: ಅಂಚೆ ಹೊರಡುವ ಹೊತ್ತಾಯಿತು. ಬರುವ ಭಾನುವಾರ ಅಪ್ಪ ತಾವೇ ನಿನಗೆ ಫೋನ್ ಮಾಡುತ್ತಾರಂತೆ, ಅಮ್ಮನ ಕೈಗೆ ಕೊಡದೆ. ಎತ್ತಿದ ಮೇಲೆ ಏನೂ ಕೇಳಿಸದಿದ್ದರೆ ಸಿಗ್ನಲ್ ಇಲ್ಲವೆಂದು ಇಟ್ಟುಬಿಡಬೇಡ. ನಿನ್ನ ಹೆಸರು ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ನೀನು ಹೇಳಿಕೊಡಬೇಡ.