ಹನ್ನೊಂದು ವಾರದ ಸೊನ್ನೆ

ಮೇಲಿನ ಕಾವಲು ಮನೆ,
ಆಗಸ್ಟ್ ೨೪, ಭಾನುವಾರ

ಮುದ್ದಿನ ಗಿಡ್ಡಿ,

ನಾನು ಕ್ಷೇಮ. ನೀನೂ ಕ್ಷೇಮವಾಗಿರು, ಅದಕ್ಕೇ ಇದನ್ನು ಕುಳಿತುಕೊಂಡು ಓದು. ಫೋನು ಮಾಡಬಹುದಿತ್ತು. ಆದರೆ ನೀನು "ಮಾವಾ..." ಎಂದು ರಾಗ ಎಳೆದರೆ ನನ್ನ ಬಾಯಿಗೆ ಬೀಗ ಬೀಳುತ್ತದೆ. ಓದಿದ್ದು ಊರಿನ ಶಾಲೆಯ ಏಳನೇ ಕ್ಲಾಸಾದರೂ ಪತ್ರದಲ್ಲಿ ನಾನೇ ರಾಜ. ನಡುವೆ ಬಾಯಿ ಹಾಕುವವರಿಲ್ಲ.

ಮೂವತ್ತೊಂದು ವರ್ಷ ಈ ಕಾಡು ಕಾದಿದ್ದೇನೆ. ತೊಗಟೆ ಕೊರೆಯುವ ಆ ದುಂಬಿ ಕೆಳಗಿನ ಪೈನ್ ಕಾಡನ್ನು ಎಷ್ಟು ಸಲ ಕೆಂಪಗೆ ಒಣಗಿಸಿತು! ನನ್ನ ಗೇಟು ಮಾತ್ರ ದಾಟಲಿಲ್ಲ. "ಈ ಮೀಸೆ ನೋಡಿ ವಾಪಸ್ ಹೋಗ್ತವೆ ಕಣಯ್ಯಾ" ಎಂದು ಲಾರಿ ಡ್ರೈವರನಿಗೆ ಎಷ್ಟು ಸಲ ಹೇಳಿದ್ದೇನೋ. "ಮೀಸೆ ಅಲ್ಲ ಮಾವ, ಚಳಿ. ಮರಿಗಳೆಲ್ಲ ತೊಗಟೆಯೊಳಗೇ ಸತ್ತುಹೋಗ್ತವೆ" ಎಂದು ನೀನು ನನ್ನ ಮಾನ ಕಳೆದಿದ್ದೆ. ಕಡೆಗೂ ನಿನ್ನ ಮಾತೇ ನಿಜ. ನೀರಿನ ಪೀಪಾಯಿಯ ಮಂಜುಗಡ್ಡೆ ಒಡೆಯುವ ಕೊಡಲಿ ಮೂರು ಚಳಿಗಾಲದಿಂದ ಗೋಡೆಯಿಂದ ಇಳಿದಿಲ್ಲ. ಮೀಸೆ ಹಾಗೇ ಇದೆ, ಚಳಿ ಹೋಯಿತು.

ಈಗ ವಿಷಯ. ದುಂಬಿಗಳನ್ನು ಸೆಳೆದು ಹಿಡಿಯಲು ನೀನು ಕಟ್ಟಿಹೋದ ವಾಸನೆ ಡಬ್ಬಿಯಲ್ಲಿ ಬಿದ್ದ ದುಂಬಿಗಳನ್ನು ಎಣಿಸಿ ವಾರವಾರ ಕಾರ್ಡು ಹಾಕು ಎಂದಿದ್ದೆ. ಹನ್ನೊಂದು ವಾರ ಸೊನ್ನೆ ಬರೆದೆ. ಗಿಡ್ಡಿ, ಅದರಲ್ಲಿ ಒಂದೂ ಸೊನ್ನೆಯಲ್ಲ.

ಮೊದಲ ವಾರ ನಾಲ್ಕು. ದಾರಿ ತಪ್ಪಿದ ನೆಂಟರು, ಹೋಗಿಬಿಡುತ್ತಾರೆ ಎಂದುಕೊಂಡೆ. ಏಳನೇ ವಾರ ಡಬ್ಬಿ ಅಲುಗಿಸಿದರೆ ಕಾಳು ತುಂಬಿದ ಹಾಗೆ ಸದ್ದು. ಆಗಲೇ ನೀನು ಫೋನಿನಲ್ಲಿ, "ಮಾವ, ಸೊನ್ನೆ ಅಂದ್ರೆ ಸೊನ್ನೆನೇ ತಾನೆ?" ಎಂದು ಕೇಳಿದ್ದು. "ನನ್ನ ಗೇಟಲ್ಲಿ ಇರುವೆ ಬರ್ಬೇಕಾದ್ರೂ ಚೀಟಿ ತೋರಿಸ್ಬೇಕು" ಎಂದೆ. ನೀನು ನಕ್ಕುಬಿಟ್ಟೆ. ಫೋನಿಟ್ಟು ಆ ವಾರದ ಕಾರ್ಡಿಗೂ ಸೊನ್ನೆ ಬರೆದೆ.

ಬರೀ ಜಂಬವಾಗಿದ್ದರೆ ಮೂರನೇ ವಾರಕ್ಕೇ ನುಂಗಿಕೊಳ್ಳುತ್ತಿದ್ದೆ. ದುಂಬಿ ಕೊರೆದ ಮೊದಲ ತೂತು ಸಿಕ್ಕಿದ್ದು ಹಿತ್ತಿಲಿನ ಪೈನ್ ಮರದಲ್ಲಿ. ನಿನ್ನ ಮರ. ರಜೆಗೆ ಬಂದಾಗಲೆಲ್ಲ ನಿನ್ನನ್ನು ಅದಕ್ಕೆ ಒರಗಿಸಿ ನಿಲ್ಲಿಸಿ, ನೆತ್ತಿಯ ಎತ್ತರಕ್ಕೆ ಚಾಕುವಿನಿಂದ ಗೆರೆ ಕೊಯ್ಯುತ್ತಿದ್ದೆನಲ್ಲ, ಅದೇ. ಐದು ವರ್ಷದಿಂದ ಹದಿನಾಲ್ಕರವರೆಗೆ ಹತ್ತು ಗೆರೆ. ದುಂಬಿ ಹೊಕ್ಕ ಮರವನ್ನು ಕಡಿದು ತೊಗಟೆ ಸುಡಬೇಕು ಎಂದು ಊರಿಗೆಲ್ಲ ಪಾಠ ಹೇಳುವವನು ನಾನೇ. ಆದರೆ ಸೊನ್ನೆ ಬರೆದರೆ ಯಾರೂ ಗರಗಸ ತರುವುದಿಲ್ಲ.

ದುಂಬಿ ಎಲ್ಲಿಯವರೆಗೆ ಬಂದಿದೆ ಎಂದು ಅರಣ್ಯ ಇಲಾಖೆಗೆ ನೀನು ಮಾಡಿದ ನಕ್ಷೆ ಶುಕ್ರವಾರ ಅಚ್ಚಿಗೆ ಹೋಗುತ್ತದಂತೆ. ನನ್ನನ್ನು ನಂಬಿ ದುಂಬಿಯ ಗಡಿಯನ್ನು ಗೇಟಿನ ಕೆಳಗೇ ಎಳೆದಿದ್ದೀಯ. ಆ ಗೆರೆಯಿಂದ ಮೇಲೆ ಯಾರೂ ಹುಡುಕಲು ಬರುವುದಿಲ್ಲ. ಬರುವ ಬೇಸಿಗೆಗೆ ಇಡೀ ಗುಡ್ಡ ಕೆಂಪು, ನಕ್ಷೆಯ ಕೆಳಗೆ ನಿನ್ನ ಹೆಸರು. ಒಂದು ಮರಕ್ಕಾಗಿ ಕಾಡನ್ನೇ ಕಳೆಯುವಷ್ಟು ಮೂರ್ಖ ನಾನಲ್ಲ. ಹನ್ನೊಂದು ವಾರ ಆಗಿದ್ದೆ, ಅಷ್ಟೇ.

ಗೆರೆಯನ್ನು ಮೇಲಕ್ಕೆ ಎಳೆ, ನನ್ನ ಮನೆ ದಾಟಿಸು. ಈ ಪತ್ರದ ಜೊತೆ ಡ್ರೈವರ್ ಒಂದು ರಟ್ಟಿನ ಪೆಟ್ಟಿಗೆ ಕೊಡುತ್ತಾನೆ. ಒಳಗೆ ಬಿದ್ದ ದುಂಬಿಗಳನ್ನು ತುಂಬಿಟ್ಟ ಹನ್ನೊಂದು ಸಣ್ಣ ಡಬ್ಬಿ, ವಾರಕ್ಕೊಂದು, ಮುಚ್ಚಳದ ಮೇಲೆ ತಾರೀಖು. ಸುಳ್ಳು ಬರೆದ ಕೈಗೆ ದುಂಬಿಗಳನ್ನು ಒಲೆಗೆ ಸುರಿಯಲು ಮಾತ್ರ ಮನಸ್ಸು ಬರಲಿಲ್ಲ. ಕಳ್ಳನಾದರೂ ಕಾವಲುಗಾರನಲ್ಲವೇ! ನೀನೇ ಕುಳಿತು ಎಣಿಸು.

ಬೈಗುಳಕ್ಕೆ ಕಿವಿ ತೊಳೆದುಕೊಂಡು ಕಾದಿರುವ,
ನಿನ್ನ ಸೋದರಮಾವ

ತಾ.ಕ.: ನಿನ್ನ ಮರವನ್ನು ಇವತ್ತು ಬೆಳಿಗ್ಗೆ ನಾನೇ ಕಡಿದು ತೊಗಟೆ ಸುಟ್ಟೆ. ಗೆರೆಗಳು ತೊಗಟೆ ದಾಟಿ ಮರಕ್ಕೇ ಇಳಿದಿದ್ದವು. ಆ ತುಂಡನ್ನು ನಿನಗಾಗಿ ಒಳಗೆ ಒರಗಿಸಿಟ್ಟಿದ್ದೇನೆ. ಬಂದಾಗ ಟೇಪು ಹಿಡಿದು ಅಳೆಯಬೇಡ. ಕ್ಲಾಸಿಗೆಲ್ಲ ನಾನೇ ಗಿಡ್ಡಿ ಎಂದು ಅಳುತ್ತಿದ್ದೆಯಲ್ಲ, ಪ್ರತಿ ವರ್ಷವೂ ಎರಡು ಬೆರಳು ಮೇಲಕ್ಕೇ ಕೊಯ್ದಿದ್ದೆ. ಆಗ ಹೇಳಿದ ಸುಳ್ಳಿಗೆ ಯಾವ ಮರವೂ ಒಣಗಲಿಲ್ಲ.