ಬಾಗಿಲು ಬಡಿಯದವಳಿಗೆ

ಅಕ್ಕಾ,

ಬ್ಯಾಂಕಿನವರು ನನ್ನ ಸಾಲಕ್ಕೆ ಕಂತು ಮಾಡಿಕೊಟ್ಟಿದ್ದಾರೆ. ಭಾನುವಾರ ನನ್ನಂಥ ಸಾಲಗಾರರೆಲ್ಲ ಇಸ್ತ್ರಿಯವನ ಅಂಗಡಿಯಲ್ಲಿ ಸೇರಿ, ಒಬ್ಬರ ಖರ್ಚನ್ನು ಇನ್ನೊಬ್ಬರು ನೋಡುತ್ತೇವೆ. ಬೈಗುಳವೂ ಉಂಟು, ಧೈರ್ಯವೂ ಉಂಟು. ನನ್ನ ಸಿಗರೇಟಿಗೆ ಕತ್ತರಿ ಹಾಕಿದವರು ಅವರೇ.

ಮೊನ್ನೆ ಅಲ್ಲಿಗೆ ಬರುವ ನರ್ಸಮ್ಮ ನನ್ನ ಸಾಲದ ಪಟ್ಟಿ ನೋಡಿ, "ವಸೂಲಿಗೆ ಬಂದು ಬಾಗಿಲು ಬಡಿದವರೆಲ್ಲ ಇದ್ದಾರೆ. ಬಾಯಿಬಿಟ್ಟು ಕೇಳದವರು ಯಾರೂ ಇಲ್ವೇನಪ್ಪಾ?" ಅಂದರು. ನನಗೋಸ್ಕರ ಹೊಲಿಗೆ ಮಷೀನು ಮಾರಿ, ಈಗ ಇನ್ನೊಬ್ಬರ ಅಂಗಡಿಯಲ್ಲಿ ಗುಂಡಿ ಹೊಲಿಯುವ ನಿನ್ನ ಹೆಸರು ಅದರಲ್ಲಿ ಇರಲೇ ಇಲ್ಲ.

ಈಗ ಎಲ್ಲರಿಗಿಂತ ಮೇಲೆ ಬರೆದಿದ್ದೇನೆ. ಇದರ ಜೊತೆ ಮೊದಲ ಕಂತು ಇದೆ. "ಇರಲಿ ಬಿಡೋ" ಅಂತ ವಾಪಸ್ ಕಳಿಸಬೇಡ. ಮುಂದಿನದು ತಡವಾದರೆ, ಅಕ್ಕಾ, ನೀನೂ ಬಂದು ಬಾಗಿಲು ಬಡಿ.

ನಿನ್ನ ತಮ್ಮ