ನೊಗದ ಮೇಲಿನ ಹೆಸರು

ಅಬ್ಬಾ,

ಇವತ್ತು ಹುಣಸೂರು ಕೋರ್ಟಿನಲ್ಲಿ ಗೆದ್ದೆ. ಕಾಕನಕೋಟೆಯ ಮರ ಸಾಗಿಸಲೆಂದು ನಿಮ್ಮಿಂದ ಗಾಡಿಗಳನ್ನು ಮಾಡಿಸಿ, ಕೊನೆಗೆ ಹಣ ಕೊಡದೆ ಬೇಡವೆಂದ ಆ ಕಂಪನಿ ಈಗ ಮುಚ್ಚಿದೆ. ಅದರ ಮ್ಯಾನೇಜರ್ ನಂಜರಾಜಯ್ಯ ಕಟಕಟೆಯಲ್ಲಿ ನಿಂತು, "ಮಾತು ಕೊಟ್ಟಿದ್ದು ಕಂಪನಿ, ನಾನಲ್ಲ" ಎಂದ.

ನಾನು ಆ ಗಾಡಿಯೊಂದರ ನೊಗವನ್ನೇ ಹೊರಿಸಿಕೊಂಡು ಹೋಗಿದ್ದೆ. ಗಾಡಿ ಮಾಡಿಸುವವರು ಮೊದಲೇ ನೊಗಕ್ಕೆ ತಮ್ಮ ಕೈಯಾರೆ ಕಾದ ಕಬ್ಬಿಣದಿಂದ ಹೆಸರಿನ ಬರೆ ಹಾಕಬೇಕೆಂಬುದು ನಿಮ್ಮ ಹಟವಲ್ಲವೇ? ಆತ ಜಂಬಕ್ಕೆ ಕಂಪನಿಯ ಹೆಸರು ಬಿಟ್ಟು ತನ್ನದನ್ನೇ ಸುಟ್ಟು ಮೂಡಿಸಿದ್ದ.

"ಹೆಸರು ನಿಮ್ಮದಾದ ಮೇಲೆ ಹೊಣೆಯೂ ನಿಮ್ಮದೇ" ಎಂದರು ಮುನ್ಸೀಫರು.

ಹೊರಗೆ ಬಂದು ಆತ ಮೆತ್ತಗಾದ. "ಆ ಹೆಸರು ಕೆತ್ತಿ ತೆಗೆಸ್ಬುಡಮ್ಮ, ಮಾನ ಓಯ್ತದೆ."

"ನಮ್ಮಬ್ಬಾ ಇದ್ದಿದ್ರೆ ತೆಗೆದುಬುಡೋರು. ನಾನು ತೆಗೆಯಾಕಿಲ್ಲ ಕಣ್ರೀ" ಎಂದೆ.

ನಿಮ್ಮ ಜೀನತ್